ಹುಬ್ಬಳ್ಳಿಯ ಬಾಡಿಗಿ

ನವನಗರದ ನಲವತ್ತೇಳನೇ ಸೆಕ್ಟರು,
ಕಾವಡಿಮಟ್ಟಿ ಸರ್ ಅವರ ಆಫೀಸು, ಮೆಟ್ಟಿಲ ಹತ್ತಿ ಎಡಕ್ಕ.
ಜುಲೈ ಇಪ್ಪತ್ತೊಂಬತ್ತು. ಇನ್ನ ಎರಡೇ ದಿನ.
ಬಾಕಿನ ಮ್ಯಾಲ ಮಾಸ್ತರು, ಕಂಡಕ್ಟರು, ನೀರಾವರಿ ಆಫೀಸಿನ ಗುಮಾಸ್ತ,
ಎಲ್ಲಾರ ತೊಡಿ ಮ್ಯಾಲೂ ಒಂದೊಂದು ಫೈಲು.
ನನ್ನದು ಫೈಲಲ್ಲ, ಸೀರಿ ಅಂಗಡಿ ಕೈಚೀಲ.
ಸಂಗಮನಾಥ ಬಂದಿಲ್ಲ. ಸಿಮೆಂಟ್ ಫ್ಯಾಕ್ಟರಿ, ಎರಡನೇ ಪಾಳಿ.
ನೀನ ತೋರಿಸು, ನನಗ ಆಗೂದಿಲ್ಲ ಅಂದಾನ.

"ಎಲ್ಐಸಿ?" ಐತ್ರಿ.
"ಮನಿ ಸಾಲ?" ಐತ್ರಿ.
"ಮಕ್ಕಳ ಶಾಲಿ ಫೀ?"
ಅವರ ಬೆರಳು ಕೀಲಿಮಣಿ ಮ್ಯಾಲ ನಿಂತವು.
ಹೋದ ವರ್ಷನೂ ಇಲ್ಲೇ ನಿಂತಿದ್ದವು.

ನಾ ಚೀಲ ಬೋರಲ ಹಾಕಿದೆ.

ಹೊಟ್ಟಿಗೆ ಚುಚ್ಚೋ ಸೂಜೀದು, ರಾತ್ರಿ ಒಂಬತ್ತಕ್ಕ, ಹನ್ನೊಂದು ದಿನ,
ಫ್ರಿಜ್ಜಿನೊಳಗ ಮಸರಿನ ಗಡಿಗಿ ಹಿಂದ
ಅತ್ತಿ ಕಣ್ಣಿಗೆ ಬೀಳದಂಗ ಇಟ್ಟದ್ದು.
ಚುಚ್ಚಾಂವ ಸಂಗಮನಾಥ, ಕಣ್ಣು ಮುಚ್ಚಿಕೊಂಡಾಂವ.
ಸ್ಕ್ಯಾನಿನ ಬಿಲ್ಲು. ಮತ್ತ ಸ್ಕ್ಯಾನಿನ ಬಿಲ್ಲು.
ಅರಿವಳಿಕಿ ಡಾಕ್ಟರದು ಬ್ಯಾರೆ.
ನರಗುಂದ ದಾಟೂತನಕ ಕಿಟಕಿಗೆ ತಲಿ ಹಚ್ಚಿ ಕೂತ
ಹದಿನಾಕು ಬಸ್ ಟಿಕೀಟು, ಅವನ್ನೂ ಇಟ್ಟೇನಿ, ಹುಚ್ಚಿ.
ಕೆಲವು ಕಾಗದ ಈಗ ಬರೇ ಬಿಳಿ.
ಅಕ್ಷರ ಹೋಗ್ಯಾವ,
ಎರಡು ಸಲ ನನ್ನೊಳಗಿಂದ ಹೋದಂಗ, ಸಪ್ಪಳ ಮಾಡಲಾರದ.

"ಇದಕ್ಕ ಕಲಂ ಇಲ್ರಿ ಟೀಚರ್" ಅಂದ್ರು.
"ಕ್ಯಾನ್ಸರಿಗೆ ಐತಿ, ಕಿಡ್ನಿಗೆ ಐತಿ.
ಇದನ್ನ ಆ ಪಟ್ಟಿಯೊಳಗ ಬ್ಯಾನಿ ಅಂತ ಬರದಿಲ್ಲ."
ಅವರ ದನಿ ಸಣ್ಣದಾಗಿತ್ತು. ಬಾಕಿನ ಮ್ಯಾಲಿನ ಕಂಡಕ್ಟರು
ಮೊಬೈಲ್ ನೋಡೋ ನೆವ ಮಾಡಿದ.

ಬ್ಯಾನಿ ಅಲ್ಲಂದ್ರ ಏನಂತ ಬರೀತೀರಿ? ಶೋಕಿ?
ಇದಕ್ಕಂತ ಮಾರಿದ ತವರಿನ ನಾಕು ಬಳಿ,
ಅವುಕ್ಕ ಮಾತ್ರ ಕಲಂ ಐತೆಂತ.
ಮಾರಿ ಬಂದ ಲಾಭ ಎಷ್ಟು, ಹೇಳಬೇಕಂತ.

ಕಡೀ ರಸೀದಿ ಮುಂದ ಸರಿಸಿದೆ. ಇದನ್ನರ ನೋಡ್ರಿ.
ಹುಬ್ಬಳ್ಳಿಯೊಳಗ, ವಿದ್ಯಾನಗರದ ಕಡೆ, ಒಂದು ಉಕ್ಕಿನ ಕೊಡ.
ಮುಚ್ಚಳ ತಗದರ ಹೊಗಿ ಏಳೂವಂಥ ಥಂಡಿ.
ಅದರಾಗ ನಮ್ಮವು ಮೂರು ಅದಾವ, ಸಾಸಿವಿಗಿಂತ ಸಣ್ಣವು.
ಅವು ಅಲ್ಲಿರಾಕ ವರ್ಷಕ್ಕೊಮ್ಮೆ ರೊಕ್ಕ ಕಟ್ಟತೇವಿ.
ಮನಿ ಬಾಡಿಗಿಗೆ ರಿಯಾಯ್ತಿ ಐತಲ್ರಿ ಸರ್?
ಇವು ಬಾಡಿಗಿ ಮನಿಯೊಳಗ ಅದಾವ.

ನಗಬೇಕೋ ಬ್ಯಾಡೋ ಅವರಿಗೆ ತಿಳೀಲಿಲ್ಲ.
ನನಗೂ.

ಅಪ್ಪನ ಮನಿ ಹಳೇ ಬಾಗಲಕೋಟಿಯೊಳಗಿತ್ತು, ಈಗ ಹಿನ್ನೀರಿನ ಕೆಳಗ.
ಮುಳುಗಡಿ ಅಳತಿಗೆ ಬಂದಾಗ ನಾ ಎಂಟು ವರ್ಷದಾಕಿ.
ಗ್ವಾಡಿ ಬರಕೊಂಡ್ರು, ಜಂತಿ ಬರಕೊಂಡ್ರು, ಬಚ್ಚಲ ಕಲ್ಲು ಬರಕೊಂಡ್ರು.
ಹಿತ್ತಲದಾಗ ನನ್ನ ಮಳಕಾಲುದ್ದ ಒಂದು ಪ್ಯಾರಲ ಸಸಿ.
"ಇದನ್ನೂ ಬರೀರಿ" ಅಂದ ಅಪ್ಪ.
"ಇದರಾಗ ಕಾಯೇ ಇಲ್ಲಲ್ಲೋ ಯಜಮಾನ."
"ಇನ್ನೂ ಹಿಡದಿಲ್ರಿ. ಇಲ್ಲ ಅನ್ನೂದು ಬ್ಯಾರೆ, ಇನ್ನೂ ಇಲ್ಲ ಅನ್ನೂದು ಬ್ಯಾರೆ."
ಸಾಹೇಬ ಪೆನ್ನು ಝಾಡಿಸಿದ, ಅಪ್ಪನ ಮಾರಿ ನೋಡಿದ,
ಬರದ: ಪ್ಯಾರಲ, ಒಂದು, ಇನ್ನೂ ಕಾಯಿ ಹಿಡದಿಲ್ಲ.
ಅದಕ್ಕ ನಲವತ್ತು ರೂಪಾಯಿ ಬಂತು.
ಅದರಾಗ ನನಗ ಕಂಪಾಸು ಪೆಟ್ಟಿಗಿ.

ಕಾವಡಿಮಟ್ಟಿ ಸರ್ ಬಿಲ್ಲು ಕೂಡಸಾಕ ಹತ್ತಿದ್ರು, ಯಾಕಂತ ಗೊತ್ತಿಲ್ಲ,
ಹಳೇ ಕ್ಯಾಲ್ಕುಲೇಟರಿನೊಳಗ, ಎರಡೆರಡು ಸಲ.
ಆರು ಲಕ್ಷ ಎಂಬತ್ತೆರಡು ಸಾವಿರದ ಮುನ್ನೂರಾ ಹತ್ತು.
ಬಸ್ಸಿಂದು ಬಿಟ್ಟು.
ಕಾಗದಕ್ಕ ರಬ್ಬರ್ ಹಾಕಿ ತಿರುಗಿ ಕೊಟ್ರು.
"ಝರಾಕ್ಸ್ ಮಾಡಿಸಿ ಇಟ್ಟಿರ್ರಿ, ಮುಂದ ಯಾರರ ಕೇಳಬಹುದು."
ಯಾರು ಅಂತ ನಾ ಕೇಳಲಿಲ್ಲ.

ಕೆಳಗಿನ ಝರಾಕ್ಸ್ ಅಂಗಡ್ಯಾಗ ಹುಡುಗ
ಬಿಳಿ ಹಾಳಿ ತಿರುವಿ ತಿರುವಿ ನೋಡಿ
"ಅಕ್ಕಾರ, ಇದರಾಗ ಏನೂ ಇಲ್ಲಲ್ರಿ" ಅಂದ.
ಐತಿ, ಅಂದೆ.
ಕಪ್ಪು ಜಾಸ್ತಿ ಇಟ್ಟು ತಗಿ.